ಇನ್‌ಸ್ಟಾಗ್ರಾಂ ಖಾತೆ ಹ್ಯಾಕ್ ಆಗಿದೆ, ಇಮೇಲ್, ಫೋನ್ ಎರಡೂ ಬದಲಾಗಿವೆ. ವಾಪಸ್ ಪಡೆಯಲು ದಾರಿ ಇದೆಯಾ?

ಟೋಪಿತೆನೆ
ಎಲ್ಲರಿಗೂ ನಮಸ್ಕಾರ. ತುರ್ತಾಗಿ ಸಹಾಯ ಬೇಕಿದೆ. ನನ್ನ ಅಕ್ಕ ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮಾರುತ್ತಾಳೆ. ಅಂಗಡಿ ಇಲ್ಲ, ವ್ಯಾಪಾರ ಪೂರ್ತಿ ಇನ್‌ಸ್ಟಾಗ್ರಾಂ ಮೇಲೆಯೇ. ನಿನ್ನೆ ಸಂಜೆ ಅವಳ ಹಳೇ ಗ್ರಾಹಕರೊಬ್ಬರ ಖಾತೆಯಿಂದ "ಒಂದು ಸ್ಪರ್ಧೆಯಲ್ಲಿದ್ದೇನೆ, ದಯವಿಟ್ಟು ನನಗೆ ವೋಟ್ ಹಾಕಿ" ಅಂತ ಮೆಸೇಜ್ ಬಂತು. ಲಿಂಕ್ ಒತ್ತಿದರೆ ಥೇಟ್ ಇನ್‌ಸ್ಟಾಗ್ರಾಂನಂಥದ್ದೇ ಲಾಗಿನ್ ಪುಟ. ಆ ಗ್ರಾಹಕರ ಖಾತೆಯನ್ನೇ ಕಳ್ಳರು ಮೊದಲು ಹಿಡಿದಿದ್ದರು ಅಂತ ಆಮೇಲೆ ಗೊತ್ತಾಯಿತು.

ರಾತ್ರಿ ಊಟ ಮುಗಿಸಿ ಫೋನ್ ತೆಗೆಯುವಷ್ಟರಲ್ಲಿ ಅವಳು ಖಾತೆಯಿಂದ ಹೊರಗೆ. ಇಮೇಲ್ ಬದಲಾಗಿದೆ, ನಂಬರ್ ಬದಲಾಗಿದೆ. ಎರಡು ಹಂತದ ಭದ್ರತೆಯನ್ನೂ (ಪಾಸ್‌ವರ್ಡ್ ಜೊತೆಗೆ ಕೋಡ್ ಕೂಡ ಕೇಳೋದು) ಕಳ್ಳನೇ ಆನ್ ಮಾಡಿಕೊಂಡಿದ್ದಾನೆ, ಹಾಗಾಗಿ ಕೋಡ್ ಅವನ ಆ್ಯಪ್‌ನಲ್ಲೇ ಬರುತ್ತದೆ. ಈಗ ಸ್ಟೋರಿಯಲ್ಲಿ "ಹಬ್ಬದ ಆಫರ್, ಅರ್ಧ ಬೆಲೆಗೆ ಸೀರೆ, ಮುಂಗಡ ಹಾಕಿ" ಅಂತ ಕ್ಯೂಆರ್ ಕೋಡ್ ಹಾಕಿಕೊಂಡು ಕೂತಿದ್ದಾನೆ. ನಂಬಿ ಹಣ ಹಾಕಿದವರು ಬೆಳಿಗ್ಗೆಯಿಂದ ಅಕ್ಕನಿಗೆ ಫೋನ್ ಮಾಡುತ್ತಿದ್ದಾರೆ. ಅವಳು ಅಳುತ್ತಾ ಕೂತಿದ್ದಾಳೆ. ಏನು ಮಾಡಬೇಕು, ಯಾವುದನ್ನು ಮೊದಲು ಮಾಡಬೇಕು, ಗೊತ್ತಿದ್ದವರು ಹೇಳಿ.

ಹಳೇಮೋಡೆಮ್
ಮೊದಲು ಅಕ್ಕನ ಹಳೇ ಇಮೇಲ್ ತೆಗೆಯಿರಿ. ಖಾತೆಯ ಇಮೇಲ್ ಬದಲಾದ ತಕ್ಷಣ ಹಳೇ ವಿಳಾಸಕ್ಕೆ ಒಂದು ಮೇಲ್ ಬರುತ್ತದೆ. ಕಳಿಸಿದವರ ವಿಳಾಸ "ಸೆಕ್ಯುರಿಟಿ ಅಟ್ ಮೇಲ್ ಡಾಟ್ ಇನ್‌ಸ್ಟಾಗ್ರಾಂ ಡಾಟ್ ಕಾಮ್" ಅಂತ ಇರಬೇಕು, ಅಕ್ಷರ ಅಕ್ಷರ ನೋಡಿಕೊಳ್ಳಿ. ಅದರೊಳಗೆ "ಇದನ್ನು ನೀವು ಮಾಡಿಲ್ಲದಿದ್ದರೆ ಇಲ್ಲಿ ಒತ್ತಿ" ಅನ್ನೋ ಲಿಂಕ್ ಇರುತ್ತದೆ. ಅದನ್ನು ಒತ್ತಿದರೆ ಬದಲಾವಣೆಯನ್ನು ಹಿಂದಕ್ಕೆ ತರಬಹುದು. ಎಷ್ಟು ಬೇಗ ಒತ್ತುತ್ತೀರೋ ಅಷ್ಟು ಒಳ್ಳೆಯದು. ಸ್ಪ್ಯಾಮ್, ಪ್ರೊಮೋಷನ್ಸ್, ಅನುಪಯುಕ್ತ (ಟ್ರ್ಯಾಶ್) ಎಲ್ಲ ಕಡೆ ಹುಡುಕಿ.

ಅದು ಸಿಗದಿದ್ದರೆ ಬ್ರೌಸರ್‌ನಲ್ಲಿ ಇನ್‌ಸ್ಟಾಗ್ರಾಂ ಡಾಟ್ ಕಾಮ್ ಸ್ಲ್ಯಾಷ್ ಹ್ಯಾಕ್ಡ್ ಅಂತ ಟೈಪ್ ಮಾಡಿ. ಗೂಗಲ್‌ನಲ್ಲಿ ಹುಡುಕಿ ಮೊದಲು ಬಂದ ಲಿಂಕ್ ಒತ್ತಬೇಡಿ, ಅಲ್ಲೂ ಮೋಸದ ಜಾಹೀರಾತುಗಳಿರುತ್ತವೆ. ಇದನ್ನೆಲ್ಲ ಅಕ್ಕ ದಿನಾ ಬಳಸುವ ಫೋನ್‌ನಲ್ಲೇ, ಮನೆಯ ವೈಫೈನಲ್ಲೇ ಮಾಡಿ. ಗುರುತು ಇರೋ ಫೋನ್, ಗುರುತು ಇರೋ ಜಾಗ ಅಂದರೆ ನಂಬಿಕೆ ಜಾಸ್ತಿ. ಗಾಬರಿಯಲ್ಲಿ ಆ್ಯಪ್ ಡಿಲೀಟ್ ಮಾಡೋದು, ಫೋನ್ ರೀಸೆಟ್ ಮಾಡೋದು ಬೇಡ.

ಕುಂದಾಪ್ರಗಾಳಿ
ಇದರ ಜೊತೆಗೇ ಇನ್ನೊಂದು ಕೆಲಸ. ಆ ಸ್ಟೋರಿಯ ಸ್ಕ್ರೀನ್‌ಶಾಟ್ ಈಗಲೇ ತೆಗೆದಿಡಿ. 24 ಗಂಟೆಗೆ ಮಾಯವಾಗುತ್ತದೆ. ಕ್ಯೂಆರ್ ಹಿಂದಿನ ಯುಪಿಐ ಐಡಿ, ಹಣ ಹೋದಾಗ ತೋರಿಸಿದ ಹೆಸರು, ವಹಿವಾಟಿನ ಸಂಖ್ಯೆ, ಎಲ್ಲವೂ ಬೇಕಾಗುತ್ತವೆ. ಹಣ ಕಳೆದುಕೊಂಡ ಗ್ರಾಹಕರು ಈ ಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಅಕ್ಕ ಮಾಡಿದರೆ ಸಾಲದು, ಹಣ ಯಾರ ಬ್ಯಾಂಕ್ ಖಾತೆಯಿಂದ ಹೋಗಿದೆಯೋ ಅವರೇ ಮಾಡಬೇಕು. ಹಣ ಮುಂದಿನ ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯಲು ಸಾಧ್ಯ ಇರೋದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ.

ನಂದಿಬೆಟ್ಟ
ಇಷ್ಟೆಲ್ಲ ತಲೆನೋವು ಯಾಕೆ? ಹೊಸ ಖಾತೆ ತೆರೆದು ಹಳೇದನ್ನು ಎಲ್ಲರಿಂದ ರಿಪೋರ್ಟ್ ಮಾಡಿಸಿ. ಮುಗಿಯಿತು.

ಕುಂದಾಪ್ರಗಾಳಿ
ನಂದಿಬೆಟ್ಟ ಅವರೇ, ಅಷ್ಟು ಸುಲಭ ಇಲ್ಲ. ವರ್ಷಗಟ್ಟಲೆ ಕೂಡಿಸಿದ ಗ್ರಾಹಕರು ಆ ಖಾತೆಯಲ್ಲಿದ್ದಾರೆ. ಖಾತೆ ಕಳ್ಳನ ಕೈಯಲ್ಲೇ ಉಳಿದರೆ ಅಕ್ಕನ ಹೆಸರಲ್ಲೇ ಇನ್ನೂ ಎಷ್ಟು ಜನಕ್ಕೆ ಟೋಪಿ ಹಾಕುತ್ತಾನೋ. ಹಾಗೆ ಗುಂಪಾಗಿ ರಿಪೋರ್ಟ್ ಮಾಡಿಸಿ ಖಾತೆಯೇ ನಿಷೇಧವಾದರೆ ವಾಪಸ್ ಪಡೆಯೋ ದಾರಿ ಇನ್ನೂ ಕಷ್ಟವಾಗುತ್ತದೆ.

ನಂದಿಬೆಟ್ಟ
ಸರಿ, ಗ್ರಾಹಕರ ವಿಷಯ ಒಪ್ಪಿದೆ. ಆದರೂ ಸದ್ಯಕ್ಕೆ ಒಂದು ಹೊಸ ಖಾತೆ ಬೇಕೇ ಬೇಕು. ಇಲ್ಲದಿದ್ದರೆ ಜನರಿಗೆ ಎಚ್ಚರಿಕೆ ಕೊಡೋದು ಎಲ್ಲಿಂದ?

ಮಲ್ನಾಡ್‌ಕಾಫಿ
ವಾಟ್ಸಾಪ್ ಸ್ಟೇಟಸ್‌ನಿಂದ ಕೊಡಬಹುದು. ಕೊರಿಯರ್ ರಸೀದಿಗಳಲ್ಲಿ ಗ್ರಾಹಕರ ನಂಬರ್ ಇರುತ್ತವೆ, ಅಲ್ವಾ? ದೊಡ್ಡ ಆರ್ಡರ್ ಕೊಡುವವರಿಗೆ ಫೋನ್ ಮಾಡಿಬಿಡಿ. ಮೆಸೇಜ್ ಓದುವಷ್ಟರಲ್ಲಿ ಹಣ ಹಾಕಿರುತ್ತಾರೆ.

ಟೋಪಿತೆನೆ
ತುಂಬಾ ಥ್ಯಾಂಕ್ಸ್. ಸ್ಕ್ರೀನ್‌ಶಾಟ್ ತೆಗೆದೆವು. ಹಣ ಹಾಕಿದವರಿಗೆಲ್ಲ 1930 ನಂಬರ್ ಕಳಿಸಿದ್ದೇವೆ. ಆದರೆ ಆ ಮೇಲ್ ಎಲ್ಲೂ ಕಾಣುತ್ತಿಲ್ಲ. ಇನ್‌ಬಾಕ್ಸ್ ನೋಡಿದೆ, ಸ್ಪ್ಯಾಮ್ ನೋಡಿದೆ. ನಿನ್ನೆ ಸಂಜೆಯಿಂದ ಇನ್‌ಸ್ಟಾಗ್ರಾಂನ ಒಂದೂ ಮೇಲ್ ಇಲ್ಲ. ಮೊದಲು ದಿನಕ್ಕೆ ಒಂದಾದರೂ ಬರುತ್ತಿತ್ತು.

ರಿಕವರಿ‌ಎಕ್ಸ್‌ಪರ್ಟ್
[ಈ ಪ್ರತಿಕ್ರಿಯೆಯನ್ನು ನಿರ್ವಾಹಕರು ತೆಗೆದುಹಾಕಿದ್ದಾರೆ]

ನಿರ್ವಾಹಕ
"ನನ್ನ ಖಾತೆಯನ್ನೂ ಇಂಥವರೇ ವಾಪಸ್ ತಂದುಕೊಟ್ಟರು, ಇವರಿಗೆ ಮೆಸೇಜ್ ಮಾಡಿ" ಅನ್ನೋ ಪ್ರತಿಕ್ರಿಯೆ ಬಂದಿತ್ತು, ತೆಗೆದಿದ್ದೇನೆ. ಹ್ಯಾಕ್ ಅನ್ನೋ ಪದ ಕಂಡಲ್ಲೆಲ್ಲ ಇವರು ಬರುತ್ತಾರೆ. ಖಾಸಗಿ ಮೆಸೇಜ್‌ನಲ್ಲಿ ಬಂದರೂ ಉತ್ತರಿಸಬೇಡಿ, ನನಗೆ ತಿಳಿಸಿ.

ಮಲ್ನಾಡ್‌ಕಾಫಿ
ನಿರ್ವಾಹಕರು ಮಾಡಿದ್ದು ಸರಿ. ನನ್ನ ಸಹೋದ್ಯೋಗಿಯೊಬ್ಬರು ಇಂಥವನನ್ನೇ ನಂಬಿದರು. ಮೊದಲು ಸಣ್ಣ ಫೀಸ್ ಅಂದ. ಆಮೇಲೆ "ಸಾಫ್ಟ್‌ವೇರ್ ಖರೀದಿಸಬೇಕು" ಅಂದ. ಆಮೇಲೆ "ಇನ್ನೇನು ಸಿಕ್ಕಿತು, ಕೊನೆಯ ಕೋಡ್‌ಗೆ ಇಷ್ಟು" ಅಂದ. ಕೊನೆಗೆ ಆಧಾರ್ ಫೋಟೊ ಕೂಡ ತೆಗೆದುಕೊಂಡು ಬ್ಲಾಕ್ ಮಾಡಿದ. ಖಾತೆಯೂ ಇಲ್ಲ, ಹಣವೂ ಇಲ್ಲ, ಆಧಾರ್ ಬೇರೆ ಅವನ ಹತ್ತಿರ. ಕಂಪನಿಯ ಸರ್ವರ್ ಒಳಗೆ ಹೋಗಿ ಖಾತೆ ತೆಗೆದುಕೊಡುವ ಮನುಷ್ಯ ಹೊರಗೆ ಎಲ್ಲೂ ಇಲ್ಲ. ಇದ್ದಾನೆ ಅಂತ ಹೇಳುವವನು ಎರಡನೇ ಕಳ್ಳ.

ಹಳೇಮೋಡೆಮ್
ಟೋಪಿತೆನೆ, ದಿನಾ ಬರುತ್ತಿದ್ದ ಮೇಲ್ ಏಕಾಏಕಿ ನಿಂತಿದೆ ಅಂದರೆ ನನಗೆ ಅನುಮಾನ ಇಮೇಲ್ ಮೇಲೇ. ಇನ್‌ಸ್ಟಾಗ್ರಾಂಗೂ ಜಿಮೇಲ್‌ಗೂ ಒಂದೇ ಪಾಸ್‌ವರ್ಡ್ ಇತ್ತಾ, ಕೇಳಿ. ಇದ್ದರೆ ಅವನು ಅಲ್ಲೂ ಹೊಕ್ಕಿರುತ್ತಾನೆ.

ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆಯಿರಿ. ಫೋನ್ ಆ್ಯಪ್‌ನಲ್ಲಿ ಇದು ಕಾಣಲ್ಲ, ಅದಕ್ಕೇ ಜನಕ್ಕೆ ಗೊತ್ತಾಗೋದೇ ಇಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ "ಫಿಲ್ಟರ್ಸ್" ಅನ್ನೋ ಪುಟ ನೋಡಿ. ಅಲ್ಲಿ "ಇನ್‌ಸ್ಟಾಗ್ರಾಂನಿಂದ ಬಂದದ್ದೆಲ್ಲ ಡಿಲೀಟ್" ಅಂತ ಒಂದು ಸಾಲು ಇದ್ದರೆ ಅದು ಅವನ ಕೆಲಸ. ಪಕ್ಕದ "ಫಾರ್ವರ್ಡಿಂಗ್" ಪುಟದಲ್ಲಿ ಗೊತ್ತಿಲ್ಲದ ವಿಳಾಸ ಇದೆಯಾ ಅಂತಲೂ ನೋಡಿ. ಆಮೇಲೆ ಅನುಪಯುಕ್ತ ಫೋಲ್ಡರ್ ತೆಗೆಯಿರಿ. ಜಿಮೇಲ್‌ನಲ್ಲಿ ಡಿಲೀಟ್ ಆದ ಮೇಲ್ 30 ದಿನ ಅಲ್ಲೇ ಬಿದ್ದಿರುತ್ತದೆ.

ಇಮೇಲ್ ಭದ್ರ ಮಾಡದೆ ಇನ್‌ಸ್ಟಾಗ್ರಾಂ ಹಿಂದೆ ಓಡಿದರೆ ಕಳ್ಳ ಒಳಮನೆಯಲ್ಲಿ ಕೂತಿರುವಾಗ ಹೊರಬಾಗಿಲಿಗೆ ಬೀಗ ಹಾಕಿದಂತೆ. ಜಿಮೇಲ್ ಪಾಸ್‌ವರ್ಡ್ ಬದಲಿಸಿ, "ನಿಮ್ಮ ಸಾಧನಗಳು" ಪಟ್ಟಿಯಲ್ಲಿ ಅಪರಿಚಿತ ಫೋನ್, ಕಂಪ್ಯೂಟರ್ ಇದ್ದರೆ ಎಲ್ಲ ಸೈನ್ ಔಟ್ ಮಾಡಿ. ರಿಕವರಿ ನಂಬರ್, ರಿಕವರಿ ಇಮೇಲ್ ನಿಮ್ಮದೇ ಇವೆಯಾ ನೋಡಿ. ಅವನು ಬದಲಿಸಿದ್ದರೂ ಗೂಗಲ್ 7 ದಿನದವರೆಗೆ ಹಳೇ ನಂಬರ್‌ಗೇ ಕೋಡ್ ಕಳಿಸುವ ಅವಕಾಶ ಕೊಡುತ್ತದೆ.

ಬಯಲುಸೀಮೆಹುಡುಗ
ಫೇಸ್‌ಬುಕ್‌ನಲ್ಲಿ ಮೂರು ನಾಲ್ಕು ಗೆಳೆಯರನ್ನು ನಂಬಿಕಸ್ಥರು ಅಂತ ಇಟ್ಟರೆ ಅವರ ಕೋಡ್‌ಗಳಿಂದ ಖಾತೆ ವಾಪಸ್ ಬರುತ್ತೆ. ಅದನ್ನು ಪ್ರಯತ್ನಿಸಿ.

ಹಳೇಮೋಡೆಮ್
ಅದು ಈಗ ಇಲ್ಲ. ಫೇಸ್‌ಬುಕ್ ಆ ಸೌಲಭ್ಯವನ್ನೇ ತೆಗೆದುಹಾಕಿದೆ. ಹಳೇ ವಿಡಿಯೊಗಳಲ್ಲಿ ಇನ್ನೂ ಹೇಳುತ್ತಿರುತ್ತಾರೆ. ಜನ ಆ ಬಟನ್ ಹುಡುಕಿ ಸಮಯ ಕಳೆಯುತ್ತಾರೆ.

ದಾವಣಗೆರೆಬೆಣ್ಣೆ
ನನ್ನ ಮಾವನವರ ಫೇಸ್‌ಬುಕ್ ಕೂಡ ಹೋದ ತಿಂಗಳು ಹ್ಯಾಕ್ ಆಯಿತು. ಅವರ ಫೋಟೊ, ಅವರ ಹೆಸರಿನಿಂದ ಎಲ್ಲರಿಗೂ ರಿಕ್ವೆಸ್ಟ್. ಒಪ್ಪಿಕೊಂಡವರಿಗೆ "ನನ್ನ ಸ್ನೇಹಿತ ಸಿಆರ್‌ಪಿಎಫ್ ಅಧಿಕಾರಿ, ವರ್ಗಾವಣೆ ಆಗಿದೆ, ಸೋಫಾ, ಫ್ರಿಜ್, ಬೈಕ್ ಎಲ್ಲ ಕಡಿಮೆ ಬೆಲೆಗೆ ಕೊಡುತ್ತಿದ್ದಾನೆ" ಅಂತ ಮೆಸೇಜ್. ಪಾಸ್‌ವರ್ಡ್ ಬದಲಿಸಿದರೂ ನಿಲ್ಲಲಿಲ್ಲ!

ಕುಂದಾಪ್ರಗಾಳಿ
ಅದು ಹ್ಯಾಕ್ ಅಲ್ಲ, ನಕಲಿ ಖಾತೆ. ಮಾವನವರ ಖಾತೆ ಅವರ ಕೈಯಲ್ಲೇ ಇದೆ. ಯಾರೋ ಅವರ ಫೋಟೊ ಇಳಿಸಿಕೊಂಡು ಬೇರೆ ಖಾತೆ ತೆರೆದಿದ್ದಾರೆ. ಹಾಗಾಗಿ ಪಾಸ್‌ವರ್ಡ್ ಬದಲಿಸಿ ಏನೂ ಆಗಲ್ಲ. ಆ ನಕಲಿ ಪ್ರೊಫೈಲ್‌ಗೆ ಹೋಗಿ ಮೂರು ಚುಕ್ಕಿ ಒತ್ತಿ, ರಿಪೋರ್ಟ್‌ನಲ್ಲಿ "ಬೇರೆಯವರಂತೆ ನಟಿಸುತ್ತಿದ್ದಾರೆ" ಅನ್ನೋದನ್ನೇ ಆರಿಸಿ. ಮಾವನವರೂ ಮಾಡಲಿ, ಗೆಳೆಯರೂ ಮಾಡಲಿ. ಮುಖ್ಯವಾಗಿ ಗೆಳೆಯರ ಪಟ್ಟಿಯನ್ನು ಯಾರಿಗೂ ಕಾಣದಂತೆ ಮುಚ್ಚಿಡಿ. ಆ ಪಟ್ಟಿ ತೆರೆದಿರೋದರಿಂದಲೇ ನಕಲಿಯವನಿಗೆ ಯಾರ್ಯಾರಿಗೆ ರಿಕ್ವೆಸ್ಟ್ ಕಳಿಸಬೇಕು ಅಂತ ಗೊತ್ತಾಗೋದು.

ದಾವಣಗೆರೆಬೆಣ್ಣೆ
ಓಹೋ. ಹಾಗಾದರೆ "ನನ್ನ ಖಾತೆ ಹ್ಯಾಕ್ ಆಗಿದೆ, ರಿಕ್ವೆಸ್ಟ್ ಬಂದರೆ ಒಪ್ಪಬೇಡಿ" ಅಂತ ಹಾಕುವವರಲ್ಲಿ ಹೆಚ್ಚಿನವರದ್ದು ಇದೇ ಕಥೆ ಇರಬೇಕು. ಇವತ್ತೇ ಪಟ್ಟಿ ಮುಚ್ಚಿಸುತ್ತೇನೆ.

ಜಯನಗರ4ನೇಬ್ಲಾಕ್
ವಾಟ್ಸಾಪ್ ಬಗ್ಗೆಯೂ ಯಾರಾದರೂ ಹೇಳಿ. ನಮ್ಮ ಅಪಾರ್ಟ್‌ಮೆಂಟ್ ಗುಂಪಿನಲ್ಲಿ ಒಬ್ಬರ ನಂಬರಿನಿಂದ ಎಲ್ಲರಿಗೂ "ತುರ್ತು, ಹಣ ಬೇಕು" ಅಂತ ಬಂತು. ಅವರು ಓಟಿಪಿ ಯಾರಿಗೂ ಹೇಳಿಲ್ಲವಂತೆ. ಹೇಗೆ ಸಾಧ್ಯ?

ಕಾರವಾರಕಡಲು
ಸಾಧ್ಯ. ಕರೆಯನ್ನೇ ಬೇರೆಡೆಗೆ ತಿರುಗಿಸುತ್ತಾರೆ. "ನಿಮ್ಮ ಪಾರ್ಸಲ್ ಬಂದಿದೆ, ಡೆಲಿವರಿ ಹುಡುಗ ವಿಳಾಸ ಕೇಳುತ್ತಿದ್ದಾನೆ, ಈ ನಂಬರ್ ಒತ್ತಿ" ಅಂತ 21, ಒಂದು ಮೊಬೈಲ್ ನಂಬರ್, ಸ್ಟಾರ್, ಹ್ಯಾಶ್ ಸೇರಿದ ಕೋಡ್ ಹೇಳುತ್ತಾರೆ. ಒತ್ತಿದರೆ ನಿಮಗೆ ಬರಬೇಕಾದ ಕರೆಗಳೆಲ್ಲ ಅವನ ಫೋನಿಗೆ. ಆಮೇಲೆ ಅವನು ನಿಮ್ಮ ನಂಬರ್ ಹಾಕಿ ವಾಟ್ಸಾಪ್ ತೆರೆದು "ಕೋಡನ್ನು ಕರೆ ಮೂಲಕ ತಿಳಿಸಿ" ಅಂತ ಕೇಳುತ್ತಾನೆ. ಆ ಕರೆಯೂ ಅವನಿಗೇ ಹೋಗುತ್ತದೆ. ನೀವು ಯಾರಿಗೂ ಏನೂ ಹೇಳಬೇಕಾಗಿಯೇ ಇಲ್ಲ.

2025ರ ಸೆಪ್ಟೆಂಬರ್‌ನಲ್ಲಿ ನಟ ಉಪೇಂದ್ರ, ಪ್ರಿಯಾಂಕಾ ಅವರ ಫೋನ್‌ಗಳಿಗೂ ಹೀಗೇ ಆಯಿತು. ಆರ್ಡರ್ ಮಾಡಿದ ವಸ್ತುವಿನ ಹೆಸರು ಹೇಳಿಕೊಂಡು ಕರೆ ಮಾಡಿ ಕೋಡ್ ಒತ್ತಿಸಿದ್ದರು. ಆಮೇಲೆ ಪರಿಚಯದವರಿಗೆಲ್ಲ ಹಣ ಕೇಳಿ ಮೆಸೇಜ್. ಉಪೇಂದ್ರ ಅವರೇ ವಿಡಿಯೊ ಮಾಡಿ "ಯಾರೂ ಹಣ ಹಾಕಬೇಡಿ" ಅಂತ ಕೇಳಿಕೊಂಡರು. ಮುಚ್ಚಿಡದೆ ಹೇಳಿದ್ದು ಬಹಳ ಒಳ್ಳೆಯದಾಯಿತು. ನಮ್ಮ ಮನೆಯ ಹಿರಿಯರಿಗೆ ಈ ಮೋಸ ಅರ್ಥವಾಗಿದ್ದೇ ಆ ವಿಡಿಯೊ ನೋಡಿದ ಮೇಲೆ.

ಜಯನಗರ4ನೇಬ್ಲಾಕ್
ಕರೆ ತಿರುಗಿಸುವ ಕೋಡ್‌ಗಳನ್ನು ಸರ್ಕಾರ ನಿಲ್ಲಿಸಿತ್ತು ಅಂತ ಓದಿದ ನೆನಪು?

ಕಾರವಾರಕಡಲು
ಹೌದು, ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ನಿಲ್ಲಿಸಿ ಅಂತ ಕಂಪನಿಗಳಿಗೆ ಹೇಳಿತ್ತು. ಆದರೂ ಮೋಸ ನಿಂತಿಲ್ಲ, ಉಪೇಂದ್ರ ಅವರ ಪ್ರಕರಣ ಅದಾದ ಮೇಲಿನದೇ. ಹಾಗಾಗಿ ನಂಬಿ ಕೂರಬೇಡಿ. ಎಲ್ಲ ಫಾರ್ವರ್ಡಿಂಗ್ ರದ್ದು ಮಾಡಲು ##002# ಒತ್ತಿ ಕರೆ ಮಾಡಿ. ಆಮೇಲೆ ಫೋನ್ ಸೆಟ್ಟಿಂಗ್ಸ್‌ನ ಕಾಲ್ ಫಾರ್ವರ್ಡಿಂಗ್‌ನಲ್ಲಿಯೂ ಒಮ್ಮೆ ನೋಡಿ.

ಹಳೇಮೋಡೆಮ್
ಅದಾದ ಮೇಲೆ ವಾಟ್ಸಾಪ್‌ನಲ್ಲಿ ನಿಮ್ಮ ನಂಬರ್ ಹಾಕಿ ಮತ್ತೆ ನೋಂದಾಯಿಸಿ. 6 ಅಂಕಿಯ ಕೋಡ್ ಎಸ್ಎಂಎಸ್‌ನಲ್ಲಿ ಬರುತ್ತದೆ. ಅದನ್ನು ಹಾಕಿದ ಕ್ಷಣ ಕಳ್ಳ ಹೊರಗೆ ಬೀಳುತ್ತಾನೆ. ಆಗ ಪಿನ್ ಕೇಳಿದರೆ ಅವನು ಎರಡು ಹಂತದ ಪರಿಶೀಲನೆ ಹಾಕಿದ್ದಾನೆ ಅಂತ ಅರ್ಥ. 7 ದಿನ ಕಾಯಬೇಕು, ಆಮೇಲೆ ಪಿನ್ ಇಲ್ಲದೆ ಒಳಗೆ ಹೋಗಬಹುದು. ಆ 7 ದಿನ ನಿಮಗೂ ವಾಟ್ಸಾಪ್ ಇರಲ್ಲ, ಅವನಿಗೂ ಇರಲ್ಲ. ಇದು ಗೊತ್ತಿಲ್ಲದೆ ಜನ "ಪಿನ್ ಗೊತ್ತಿಲ್ಲ, ಹೋಯಿತು" ಅಂತ ಕೈಬಿಡುತ್ತಾರೆ. ಪಿನ್ ಗೊತ್ತಿಲ್ಲದಿದ್ದರೂ ಎಸ್ಎಂಎಸ್ ಕೋಡ್ ಹಾಕಿ!

ಸಿಂಗಾಪುರದಿಂದ
ಎಸ್ಎಂಎಸ್ ಕೋಡ್ ಬಂದರೆ ತಾನೇ? ಊರಿನ ನಂಬರ್ ಕೈಬಿಟ್ಟು ಹೊರದೇಶಕ್ಕೆ ಬಂದವರ ಗತಿ ಹೇಳಿ. ನನ್ನ ಗೆಳತಿಯ ಫೇಸ್‌ಬುಕ್, ಹಳೇ ಇಮೇಲ್ ಎಲ್ಲದಕ್ಕೂ ಕರ್ನಾಟಕದ ನಂಬರ್ ಇತ್ತು. ರೀಚಾರ್ಜ್ ಮಾಡದೆ ಅದು ನಿಂತುಹೋಯಿತು. ಈಗ ಆ ನಂಬರ್ ಬೇರೆ ಯಾರದ್ದೋ.

ಕಾರವಾರಕಡಲು
ಭಾರತದಲ್ಲಿ ನಿಂತುಹೋದ ನಂಬರನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವಂತಿಲ್ಲ. ಅದರ ನಂತರ ಕೊಡಬಹುದು, ಕೊಡುತ್ತಾರೆ. ಹೊರಡುವ ಮೊದಲೇ ವಾಟ್ಸಾಪ್‌ನಲ್ಲಿ "ನಂಬರ್ ಬದಲಿಸಿ" ಮಾಡಬೇಕು. ಉಳಿದ ಖಾತೆಗಳಲ್ಲೂ ಹೊಸ ನಂಬರ್ ಹಾಕಿ ಹಳೇದನ್ನು ತೆಗೆಯಬೇಕು. ಬ್ಯಾಂಕ್‌ನದ್ದೂ ಅಷ್ಟೇ.

ಟೋಪಿತೆನೆ
ಹಳೇಮೋಡೆಮ್ ಅವರೇ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಪಕ್ಕದ ಮನೆಯ ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು ನೋಡಿದೆವು. ಫಿಲ್ಟರ್ ಇತ್ತು! ಇನ್‌ಸ್ಟಾಗ್ರಾಂನಿಂದ ಬಂದದ್ದೆಲ್ಲ ನೇರ ಅನುಪಯುಕ್ತಕ್ಕೆ. ಅಲ್ಲಿ ಸಾಲಾಗಿ ಬಿದ್ದಿದ್ದವು: ಹೊಸ ಲಾಗಿನ್ ಆಗಿದೆ, ನಂಬರ್ ತೆಗೆಯಲಾಗಿದೆ, ಇಮೇಲ್ ಬದಲಾಗಿದೆ. ಜಿಮೇಲ್‌ನ ಪಾಸ್‌ವರ್ಡ್ ಬದಲಿಸಿ, ಫಿಲ್ಟರ್ ಅಳಿಸಿ, ಗುರುತಿಲ್ಲದ ಒಂದು ಕಂಪ್ಯೂಟರನ್ನು ಸೈನ್ ಔಟ್ ಮಾಡಿದೆವು. ಆಮೇಲೆ ಇಮೇಲ್ ಬದಲಾವಣೆಯ ಮೇಲ್‌ನ ಲಿಂಕ್ ಒತ್ತಿದೆವು. ಅಕ್ಕನ ಇಮೇಲ್ ವಾಪಸ್ ಬಂತು, ಹೊಸ ಪಾಸ್‌ವರ್ಡ್ ಕೂಡ ಹಾಕಿದೆವು. ಆದರೆ ಲಾಗಿನ್ ಆಗುವಾಗ ಆರಂಕಿಯ ಕೋಡ್ ಕೇಳುತ್ತಿದೆ. ಅದು ಅವನ ಆ್ಯಪ್‌ನಲ್ಲಿದೆ. ಇಲ್ಲಿಗೆ ನಿಂತಿದ್ದೇವೆ.

ಹಳೇಮೋಡೆಮ್
ಅರ್ಧಕ್ಕಿಂತ ಜಾಸ್ತಿ ದಾರಿ ಬಂದಿದ್ದೀರಿ. ಕೋಡ್ ಕೇಳುವ ಪುಟದಲ್ಲೇ "ಬೇರೆ ವಿಧಾನ ಪ್ರಯತ್ನಿಸಿ" ಅಂತ ಇರುತ್ತದೆ. ಅದರಿಂದ ಸಹಾಯ ಕೇಳುವ ದಾರಿಗೆ ಹೋಗಿ. "ನನ್ನ ಖಾತೆ ಹ್ಯಾಕ್ ಆಗಿದೆ" ಅಂತ ಆರಿಸಿ. ಅಲ್ಲಿ ಒಂದು ಪ್ರಶ್ನೆ ಬರುತ್ತದೆ: ಈ ಖಾತೆಯಲ್ಲಿ ನಿಮ್ಮ ಫೋಟೊ ಇದೆಯಾ? ಇದೆ ಅಂದರೆ ಸೆಲ್ಫಿ ವಿಡಿಯೊ ಕೇಳುತ್ತದೆ. ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ತೋರಿಸಬೇಕು. ಆ ವಿಡಿಯೊ ಯಾರಿಗೂ ಕಾಣಲ್ಲ, 30 ದಿನದೊಳಗೆ ಅಳಿಸುತ್ತೇವೆ ಅಂತ ಇನ್‌ಸ್ಟಾಗ್ರಾಂ ಅಲ್ಲೇ ಬರೆದಿರುತ್ತದೆ.

ಮಲ್ನಾಡ್‌ಕಾಫಿ
ಸೀರೆ ಖಾತೆಯಲ್ಲಿ ಅಕ್ಕನ ಮುಖ ಎಲ್ಲಿರುತ್ತದೆ? ಸೆರಗು, ಅಂಚು, ಮಡಿಕೆ ಮಾತ್ರ ಇರುತ್ತೆ. ಇದು ವ್ಯಾಪಾರದ ಖಾತೆಗಳ ದೊಡ್ಡ ಸಮಸ್ಯೆ.

ಹಳೇಮೋಡೆಮ್
ಮುಖ ಇಲ್ಲದ ಖಾತೆಗೂ ದಾರಿ ಇದೆ. ಆಗ ಖಾತೆ ತೆರೆಯುವಾಗ ಕೊಟ್ಟ ಇಮೇಲ್ ಅಥವಾ ನಂಬರ್ ಯಾವುದು, ಯಾವ ಬಗೆಯ ಸಾಧನದಲ್ಲಿ ತೆರೆದಿರಿ, ಐಫೋನಾ, ಆಂಡ್ರಾಯ್ಡಾ ಅಂತೆಲ್ಲ ಕೇಳಬಹುದು. ಜನ ಇಲ್ಲಿ ಈಗಿನ ಫೋನ್ ಹೆಸರು ಬರೆದುಬಿಡುತ್ತಾರೆ. ತೆರೆದಾಗ ಇದ್ದ ಫೋನ್ ಬರೆಯಬೇಕು.

ನಂದಿಬೆಟ್ಟ
ವರ್ಷಗಳ ಹಿಂದೆ ಯಾವ ಫೋನ್ ಇತ್ತು ಅಂತ ಯಾರಿಗೆ ನೆನಪಿರುತ್ತೆ? ಇದೆಲ್ಲ ಕಂಪನಿಗಳು ಸಾಮಾನ್ಯರನ್ನು ಸುಸ್ತು ಮಾಡೋ ವಿಧಾನ. ಒಬ್ಬ ಮನುಷ್ಯನನ್ನು ಫೋನ್‌ನಲ್ಲಿ ಮಾತಾಡಲು ಇಟ್ಟರೆ ಆಗಲ್ವಾ?

ಕುಂದಾಪ್ರಗಾಳಿ
ಸುಸ್ತಾಗೋದು ನಿಜ. ಆದರೆ ಯೋಚಿಸಿ, ಫೋನ್‌ನಲ್ಲಿ ಅತ್ತು ಕರೆದರೆ ಖಾತೆ ಕೊಟ್ಟುಬಿಡುವಂತಿದ್ದರೆ ಕಳ್ಳ ಇನ್ನೂ ಚೆನ್ನಾಗಿ ಅಳುತ್ತಾನೆ. ಫೋನ್ ಗುರುತಿಗೆ ಹಳೇ ಫೋಟೊಗಳನ್ನು ನೋಡಿ. ಫೋಟೊದ ವಿವರಗಳಲ್ಲಿ ಯಾವ ಫೋನ್‌ನಲ್ಲಿ ತೆಗೆದದ್ದು ಅಂತ ಇರುತ್ತದೆ.

ನಂದಿಬೆಟ್ಟ
ಇದು ಒಳ್ಳೆಯ ಉಪಾಯ. ಆದರೆ ದೊಡ್ಡವರಿಗೆ ಕೂಡಲೇ ಸಿಗುತ್ತೆ, ನಮಗೆ ಸಿಗಲ್ಲ, ಅದಂತೂ ನಿಜ.

ಮಲ್ನಾಡ್‌ಕಾಫಿ
ದೊಡ್ಡವರಿಗೂ ಕೂಡಲೇ ಸಿಗಲ್ಲ. ಗಾಯಕಿ ಶ್ರೇಯಾ ಘೋಷಾಲ್ ಅವರ ಎಕ್ಸ್ ಖಾತೆ 2025ರ ಫೆಬ್ರುವರಿ 13ರಂದು ಹ್ಯಾಕ್ ಆಯಿತು. ಕೈಗೆ ಬಂದಿದ್ದು ಏಪ್ರಿಲ್‌ನಲ್ಲಿ.

ವಕೀಲಗುಮಾಸ್ತ
ಕಾನೂನಿನ ಕಡೆಯಿಂದ ಸ್ವಲ್ಪ. ಬೇರೆಯವರ ಪಾಸ್‌ವರ್ಡ್ ಬಳಸಿ ವಂಚಿಸೋದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಅಡಿ ಅಪರಾಧ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಬೇರೆಯವರಂತೆ ನಟಿಸಿ ಹಣ ಹೊಡೆಯೋದು 66ಡಿ. ಕೇಂದ್ರದ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲಿ ದೂರು ಹಾಕಿ, ಸ್ವೀಕೃತಿ ಸಂಖ್ಯೆ ಇಟ್ಟುಕೊಳ್ಳಿ. ನಮ್ಮ ರಾಜ್ಯದಲ್ಲಿ ಜಿಲ್ಲೆಗಳಲ್ಲಿ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆ ಇದೆ. ಅಲ್ಲಿಗೆ ಅಕ್ಕ ಲಿಖಿತ ದೂರು ಕೊಡಲಿ. "ಇಂಥ ದಿನ, ಇಂಥ ಹೊತ್ತಿನಿಂದ ಖಾತೆ ನನ್ನ ಹತೋಟಿಯಲ್ಲಿಲ್ಲ" ಅನ್ನೋ ಸಾಲು ಕಡ್ಡಾಯ. ನಾಳೆ ಹಣ ಕಳೆದುಕೊಂಡ ಗ್ರಾಹಕರು ಅಕ್ಕನ ಮೇಲೆಯೇ ದೂರು ಕೊಟ್ಟರೆ ಆ ಸಾಲೇ ಅಕ್ಕನನ್ನು ಕಾಯೋದು.

ಇನ್ನೊಂದು ದಾರಿ ಬಹಳ ಜನಕ್ಕೆ ಗೊತ್ತಿಲ್ಲ. ಪ್ರತಿ ದೊಡ್ಡ ಸಾಮಾಜಿಕ ಜಾಲತಾಣವೂ ಭಾರತದಲ್ಲಿ ಕುಂದುಕೊರತೆ ಅಧಿಕಾರಿಯನ್ನು ಇಡಬೇಕು. ಅವರಿಗೆ ದೂರು ಕಳಿಸಿ. ಅವರ ಉತ್ತರ ಸರಿ ಬರದಿದ್ದರೆ 30 ದಿನದೊಳಗೆ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು. 2023ರಿಂದ ಇದೆ. ಎಲ್ಲ ಆನ್‌ಲೈನ್, ವಕೀಲರೇ ಬೇಕು ಅಂತಿಲ್ಲ.

ಬಯಲುಸೀಮೆಹುಡುಗ
ಠಾಣೆಗೆ ಹೋದರೆ "ಹಣ ಎಷ್ಟು ಹೋಗಿದೆ" ಅಂತ ಮೊದಲು ಕೇಳುತ್ತಾರೆ. ಹಣ ಹೋಗಿಲ್ಲ, ಖಾತೆ ಮಾತ್ರ ಹೋಗಿದೆ ಅಂದರೆ ಆಸಕ್ತಿ ಕಡಿಮೆ. ನಮ್ಮ ಕಡೆಯ ಒಂದು ಠಾಣೆಯಲ್ಲಿ ಹಾಗೇ ಆಯಿತು.

ವಕೀಲಗುಮಾಸ್ತ
ಅದಕ್ಕೇ ಪೋರ್ಟಲ್‌ನಲ್ಲಿ ಮೊದಲು ಹಾಕಿ, ಆ ಸಂಖ್ಯೆ ಹಿಡಿದುಕೊಂಡು ಹೋಗಿ. ಸಂಖ್ಯೆ ಇದ್ದರೆ ಮಾತು ಬೇರೆ ರೀತಿ ಶುರುವಾಗುತ್ತದೆ.

ಜಾನಪದಚಾನೆಲ್
ನಾವು ಡೊಳ್ಳು, ಲಾವಣಿ ಹಾಕುವ ಸಣ್ಣ ಯೂಟ್ಯೂಬ್ ಚಾನೆಲ್ ನಡೆಸುತ್ತೇವೆ. ಚಾನೆಲ್‌ನವರು ಒಂದು ವಿಷಯ ತಿಳಿದುಕೊಳ್ಳಿ. "ನಿಮಗೆ ಪ್ರಾಯೋಜಕತ್ವ ಕೊಡುತ್ತೇವೆ, ಒಪ್ಪಂದ ನೋಡಿ" ಅಂತ ಫೈಲ್ ಬರುತ್ತದೆ. ಪಿಡಿಎಫ್ ಥರ ಕಾಣುತ್ತದೆ, ಆದರೆ ಅದು ಪ್ರೋಗ್ರಾಂ. ತೆರೆದ ಕ್ಷಣ ಬ್ರೌಸರ್‌ನಲ್ಲಿರುವ ಲಾಗಿನ್ ಕುಕಿಗಳನ್ನು ಕದ್ದು ಕಳಿಸುತ್ತದೆ. ಕುಕಿ ಸಿಕ್ಕರೆ ಪಾಸ್‌ವರ್ಡ್ ಬೇಡ, ಓಟಿಪಿಯೂ ಬೇಡ. ನೀವು ಲಾಗಿನ್ ಆಗಿದ್ದೀರಿ ಅಂತಲೇ ಯೂಟ್ಯೂಬ್ ತಿಳಿಯುತ್ತದೆ. 2023ರ ಮಾರ್ಚ್‌ನಲ್ಲಿ ಕೆನಡಾದ ಲೈನಸ್ ಟೆಕ್ ಟಿಪ್ಸ್ ಅನ್ನೋ ಭಾರೀ ಚಾನೆಲ್ಲೇ ಹೀಗೆ ಹೋಗಿ, ಟೆಸ್ಲಾ ಹೆಸರಲ್ಲಿ ಕ್ರಿಪ್ಟೊ ಲೈವ್ ಓಡಿತ್ತು. ತಂತ್ರಜ್ಞಾನವೇ ಕಸುಬಾಗಿರುವವರಿಗೇ ಹೀಗಾಗಿದೆ. ಟೋಪಿತೆನೆ, ಅಕ್ಕನಿಗೆ ಈ ಮಾತು ಹೇಳಿ, ಅವರು ತಮ್ಮನ್ನು ತಾವು ಬೈದುಕೊಳ್ಳೋದು ಬೇಡ.

ಜಯನಗರ4ನೇಬ್ಲಾಕ್
ಫೋನಿನಲ್ಲಿ ಇದೇ ಕೆಲಸಕ್ಕೆ ಮದುವೆ ಕರೆಯೋಲೆ ಹೆಸರಲ್ಲಿ ಎಪಿಕೆ (ಆಂಡ್ರಾಯ್ಡ್ ಆ್ಯಪ್ ಹಾಕುವ ಫೈಲ್) ಬರುತ್ತಿದೆ. ಗುರುತಿನವರ ನಂಬರಿನಿಂದಲೇ ಬರುತ್ತದೆ. ಕರೆಯೋಲೆ ಅಂದರೆ ಚಿತ್ರ ಅಥವಾ ಪಿಡಿಎಫ್ ಆಗಿರಬೇಕು. "ಇನ್‌ಸ್ಟಾಲ್ ಮಾಡಿ" ಅಂದರೆ ಮುಟ್ಟಬೇಡಿ.

ದಾವಣಗೆರೆಬೆಣ್ಣೆ
ವಿಷಯಕ್ಕೆ ಸಂಬಂಧ ಇಲ್ಲ, ಆದರೂ ಕೇಳುತ್ತೇನೆ. ಖಣ ಬರೀ ಕುಪ್ಪಸಕ್ಕಾ, ಸೀರೆಯೂ ಬರುತ್ತಾ?

ಟೋಪಿತೆನೆ
ಈಗ ಖಣದ ಸೀರೆಯೂ ಬರುತ್ತವೆ. ಇಳಕಲ್‌ನಲ್ಲಿ ಸೆರಗಿನ ಎಳೆಯನ್ನು ಬೇರೆಯಾಗಿ ಮಾಡಿ ಒಡಲಿನ ಎಳೆಗೆ ಕೊಂಡಿ ಹಾಕಿ ಕೂಡಿಸುತ್ತಾರೆ, ನಿಜವಾದ ಕೈಮಗ್ಗದ ಸೀರೆಯಲ್ಲಿ ಆ ಕೊಂಡಿ ಕಾಣುತ್ತದೆ. ಅಕ್ಕ ಅದನ್ನೇ ರೀಲ್ಸ್‌ನಲ್ಲಿ ತೋರಿಸುತ್ತಿದ್ದಳು. ಅರೆ, ಆ ರೀಲ್ಸ್‌ನಲ್ಲಿ ಅವಳ ಮುಖ ಇದೆ! ಸೆರಗು ಹೊದ್ದು ನಿಂತು ಮಾತಾಡಿದ್ದಾಳೆ.

ಹಳೇಮೋಡೆಮ್
ಹಾಗಿದ್ದರೆ "ನನ್ನ ಫೋಟೊ ಇದೆ" ಅಂತಲೇ ಆರಿಸಿ. ಕಿಟಕಿ ಬೆಳಕಿನಲ್ಲಿ ಕೂತು, ಕನ್ನಡಕ ತೆಗೆದು ಸೆಲ್ಫಿ ವಿಡಿಯೊ ಮಾಡಿಸಿ. ಒಮ್ಮೆ ತಿರಸ್ಕಾರವಾದರೂ ಬಿಡಬೇಡಿ, ಮತ್ತೆ ಕಳಿಸಬಹುದು.

ಟೋಪಿತೆನೆ
ಬಂತು! ಖಾತೆ ವಾಪಸ್ ಬಂತು!

ಮೊದಲ ಸಲ ಒಪ್ಪಲಿಲ್ಲ. ಮತ್ತೆ ಹಗಲು ಬೆಳಕಲ್ಲಿ ಮಾಡಿ ಕಳಿಸಿದೆವು. ಅಕ್ಕನ ಇಮೇಲ್‌ಗೆ ಲಿಂಕ್ ಬಂತು, ಅದರಿಂದ ಅವನ ಕೋಡ್ ಇಲ್ಲದೆ ಒಳಗೆ ಹೋದೆವು. ಒಳಗೆ ಹೋದ ಕೂಡಲೇ ಅವನ ಎರಡು ಹಂತದ ಭದ್ರತೆ ತೆಗೆದು ನಮ್ಮದು ಹಾಕಿದೆವು. ಸ್ಟೋರಿ ಅಳಿಸಿ, ಲಾಗಿನ್ ಆಗಿರೋ ಸಾಧನಗಳ ಪಟ್ಟಿಯಿಂದ ಅವನನ್ನು ಹೊರಹಾಕಿದೆವು. ಅಕ್ಕ ಒಂದು ವಿಡಿಯೊ ಮಾಡಿ ನಡೆದದ್ದನ್ನೆಲ್ಲ ಹೇಳಿದ್ದಾಳೆ. ಬೇಗ 1930ಕ್ಕೆ ಫೋನ್ ಮಾಡಿದ ಇಬ್ಬರ ಹಣಕ್ಕೆ ತಡೆ ಬಿದ್ದಿದೆಯಂತೆ. ತಡವಾಗಿ ಮಾಡಿದವರದ್ದು ಇನ್ನೂ ಗೊತ್ತಿಲ್ಲ, ಅದೇ ಬೇಜಾರು. ಎಲ್ಲರಿಗೂ ಅಕ್ಕ ಕೈಮುಗಿದಿದ್ದಾಳೆ.

ಹಳೇಮೋಡೆಮ್
ಬಹಳ ಖುಷಿಯಾಯಿತು. ಇನ್ನೂ ಮುಗಿದಿಲ್ಲ. ಇನ್‌ಸ್ಟಾಗ್ರಾಂ ಸೆಟ್ಟಿಂಗ್ಸ್‌ನ ಅಕೌಂಟ್ಸ್ ಸೆಂಟರ್ ಒಳಗೆ ಅವನ ಇಮೇಲ್, ನಂಬರ್ ಅಥವಾ ಗೊತ್ತಿಲ್ಲದ ಫೇಸ್‌ಬುಕ್ ಖಾತೆ ಜೋಡಣೆಯಾಗಿ ಉಳಿದಿದೆಯಾ ನೋಡಿ. ಒಂದು ಉಳಿದರೂ ಅದರಿಂದಲೇ ಮತ್ತೆ ಬರುತ್ತಾನೆ. ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಸೀರೆಯ ಲೆಕ್ಕದ ಪುಸ್ತಕದಲ್ಲಿಡಿ. ಫೋನ್ ಕಳೆದರೆ ಅವೇ ಗತಿ, ಫೋನ್‌ನಲ್ಲೇ ಸ್ಕ್ರೀನ್‌ಶಾಟ್ ಇಟ್ಟರೆ ಪ್ರಯೋಜನ ಇಲ್ಲ.

ವಕೀಲಗುಮಾಸ್ತ
ಠಾಣೆಗೆ ಕೊಟ್ಟ ದೂರನ್ನು ಖಾತೆ ಬಂತು ಅಂತ ವಾಪಸ್ ತೆಗೆದುಕೊಳ್ಳಬೇಡಿ. ಗ್ರಾಹಕರ ಹಣದ ವಿಷಯ ಇನ್ನೂ ಇದೆ.

ಸಿಂಗಾಪುರದಿಂದ
ಅಭಿನಂದನೆ. ನನ್ನ ಗೆಳತಿಯ ಪ್ರಶ್ನೆ ಹಾಗೇ ಉಳಿಯಿತು. ನಂಬರ್ ಬೇರೆಯವರದ್ದು, ಆದರೆ ಹಳೇ ಲ್ಯಾಪ್‌ಟಾಪ್‌ನಲ್ಲಿ ಫೇಸ್‌ಬುಕ್ ಇನ್ನೂ ತೆರೆದೇ ಇದೆಯಂತೆ. ಪಾಸ್‌ವರ್ಡ್ ನೆನಪಿದೆ.

ಹಳೇಮೋಡೆಮ್
ಹಾಗಾದರೆ ಲಾಗ್ ಔಟ್ ಮಾಡಲೇಬೇಡಿ ಅಂತ ಹೇಳಿ. ಅದೇ ಲ್ಯಾಪ್‌ಟಾಪ್‌ನಿಂದ ಇವತ್ತೇ ಹೊಸ ಇಮೇಲ್, ಸಿಂಗಾಪುರದ ನಂಬರ್ ಸೇರಿಸಿ, ಎರಡೂ ಖಾತ್ರಿಯಾದ ಮೇಲೆ ಹಳೇ ನಂಬರ್ ತೆಗೆಯಲಿ.